ಸ್ನಾನದ ನೀರಿನ ಪೈಪಿಗೆ ರೇಡಿಯೇಟರ್ ಜೋಡಿಸಬೇಡಿ

ಸಂಪಾದಕರೇ,

ತಣ್ಣಗಿರುವ ರೂಮಿಗೆ ಬಿಸಿನೀರಿನ ರೇಡಿಯೇಟರ್, ಅಂದರೆ ಒಳಗೆ ಬಿಸಿನೀರು ಹರಿದು ರೂಮು ಬೆಚ್ಚಗಾಗಿಸುವ ಲೋಹದ ಪೆಟ್ಟಿಗೆ, ಹಾಕಿಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಅರ್ಧದವರೆಗೆ ಚೆನ್ನಾಗೇ ಇತ್ತು. ಆಮೇಲೆ, ಹತ್ತಿರದಲ್ಲಿ ಯಾವ ಬಿಸಿನೀರಿನ ಪೈಪ್ ಇದೆಯೋ ಅದರಿಂದಲೇ ಒಂದು ಲೈನ್ ಎಳೆದುಕೊಂಡರೆ ಸಾಕು ಅನ್ನುವ ಅರ್ಥದ ಮಾತು ಬಂತು. ಇಂಥದ್ದೇ ಮಾತು ನಂಬಿ ಎರಡು ಚಳಿಗಾಲ ಸ್ವೆಟರ್ ಹಾಕಿಕೊಂಡು ಕೂತವನು ನಾನು. ಅದಕ್ಕೇ ಈ ಪತ್ರ.

ಮೊದಲು ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಬಿಸಿನೀರಿನ ಪೈಪ್ ಅಂದರೆ ಮನೆಯಲ್ಲಿ ಎರಡು ಜಾತಿ. ಒಂದು ಸ್ನಾನಕ್ಕೆ, ಅಡುಗೆಮನೆಗೆ ಹೋಗುವ ನೀರು. ಇನ್ನೊಂದು ಬಾಯ್ಲರ್‌ನಿಂದ ಹೊರಟು ರೇಡಿಯೇಟರ್‌ಗಳನ್ನು ಸುತ್ತಿ ಮತ್ತೆ ಬಾಯ್ಲರಿಗೇ ವಾಪಸ್ ಬರುವ ನೀರು. ಇವೆರಡೂ ಬೆರೆಯಬಾರದು. ಸ್ನಾನದ ಲೈನಿಗೆ ರೇಡಿಯೇಟರ್ ಸಿಕ್ಕಿಸಿದಿರಿ ಅಂತಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅದನ್ನು ಯಾರೂ ಹಚ್ಚುವುದಿಲ್ಲ, ಅದರೊಳಗಿನ ನೀರು ತಿಂಗಳುಗಟ್ಟಲೆ ಉಗುರುಬೆಚ್ಚಗೆ ನಿಂತೇ ಇರುತ್ತದೆ. ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುವುದು ಸರಿಯಾಗಿ ಇಂಥ ನೀರಿನಲ್ಲೇ, 20ರಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ. ಅದೇ ನೀರು ಮುಂದೊಂದು ದಿನ ಶವರ್‌ನಲ್ಲಿ ಹನಿಹನಿಯಾಗಿ ನಿಮ್ಮ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಒಂಥರಾ ನ್ಯುಮೋನಿಯಾ ಬರಿಸುವ ಬ್ಯಾಕ್ಟೀರಿಯಾ ಅದು, ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ತುಕ್ಕಿನ ಕಾಟ ಬೇರೆ. ಬಾಯ್ಲರಿನ ಮುಚ್ಚಿದ ಲೈನಿನಲ್ಲಿ ಅದೇ ನೀರು ವರ್ಷಗಟ್ಟಲೆ ತಿರುಗುತ್ತದೆ. ಅದರಲ್ಲಿದ್ದ ಆಮ್ಲಜನಕ ಶುರುವಿನಲ್ಲೇ ಸ್ವಲ್ಪ ತುಕ್ಕು ಹಿಡಿಸಿ ಮುಗಿದುಹೋಗುತ್ತದೆ, ಆಮೇಲೆ ಕಬ್ಬಿಣಕ್ಕೆ ಅಷ್ಟಾಗಿ ತೊಂದರೆಯಿಲ್ಲ. ಸ್ನಾನದ ಲೈನಿನಲ್ಲಿ ದಿನಾ ಹೊಸ ನೀರು, ದಿನಾ ಹೊಸ ಆಮ್ಲಜನಕ. ಉಕ್ಕಿನ ರೇಡಿಯೇಟರ್ ಒಳಗಿನಿಂದಲೇ ತಿಂದುಹೋಗುತ್ತದೆ. ಪೆಕ್ಸ್ ಅನ್ನುವ ಪ್ಲಾಸ್ಟಿಕ್ ಪೈಪ್ ಹಾಕಿಸುವವರೂ ಆಕ್ಸಿಜನ್ ತಡೆಯುವ ಪದರ ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು, ಯಾಕೆಂದರೆ ಮಾಮೂಲಿ ಪೆಕ್ಸ್ ಗೋಡೆಯ ಮೂಲಕವೇ ಆಮ್ಲಜನಕ ಒಳಗೆ ನುಸುಳುತ್ತದೆ.

ಇನ್ನು ನನ್ನ ಕಥೆ. ನನ್ನದು ಹಿಂದಿನ ರೂಮು, ಎರಡು ಗೋಡೆ ಹೊರಗಡೆಗೆ, ಒಂದು ಕಿಟಕಿ. ಪೈಪ್ ಕೆಲಸಕ್ಕೆ ಬಂದವರು ಸಾಲಾಗಿ ಹೋಗುತ್ತಿದ್ದ ರೇಡಿಯೇಟರ್ ಲೈನಿನ ಬಾಲಕ್ಕೆ ಇನ್ನೊಂದನ್ನು ಜೋಡಿಸಿ, ಕೈಮುಟ್ಟಿ ನೋಡಿ, ಬಿಸಿ ಬಂತು ಸಾರ್ ಅಂದು ಹೊರಟರು. ಬಿಸಿ ಬಂದಿದ್ದೇನೋ ನಿಜ. ಆದರೆ ಸಾಲು ಲೈನಿನಲ್ಲಿ ಮೊದಲನೆಯ ರೇಡಿಯೇಟರ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿದ ನೀರು ಮುಂದಿನದಕ್ಕೆ ಹೋಗುತ್ತದೆ, ಹೀಗೇ ಆಗಿ ಕೊನೆಯದಕ್ಕೆ ಬರುವುದು ತಂಗಳು ಬಿಸಿ. ಸಾಲದ್ದಕ್ಕೆ ಥರ್ಮೋಸ್ಟಾಟ್ ಇರುವುದು ಹಾಲ್‌ನಲ್ಲಿ. ಹಾಲ್ 20 ಡಿಗ್ರಿ ಮುಟ್ಟಿದ ತಕ್ಷಣ ಅದು ಪಂಪ್ ನಿಲ್ಲಿಸುತ್ತದೆ. ಹಿಂದಿನ ರೂಮಿನಲ್ಲಿ ಒಬ್ಬ ಮನುಷ್ಯ ನಡುಗುತ್ತಾ ಕೂತಿದ್ದಾನೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ?

ಎರಡನೇ ತಪ್ಪು ಪೂರ್ತಿ ನನ್ನದೇ. ರೇಡಿಯೇಟರ್ ಮೇಲೆ ಬರೆದ ವ್ಯಾಟ್ ನೋಡಿ ಕೊಂಡೆ. ನನ್ನ ರೂಮಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದೆ, ಅದು ಕಷ್ಟವೇನಲ್ಲ. ಹೊರಗೆ 0, ಒಳಗೆ 20 ಡಿಗ್ರಿ ಬೇಕು. ಒಂದೇ ಗಾಜಿನ 2 ಚದರ ಮೀಟರ್ ಕಿಟಕಿಯಿಂದ ಸುಮಾರು 200 ವ್ಯಾಟ್ ಹೋಗುತ್ತದೆ. ಏನೂ ಹೊದಿಸದ 17 ಚದರ ಮೀಟರ್ ಇಟ್ಟಿಗೆ ಗೋಡೆಯಿಂದ 680. ಸಂದುಗಳಿಂದ ಗಂಟೆಗೊಮ್ಮೆ ರೂಮಿನ ಗಾಳಿಯೆಲ್ಲಾ ಬದಲಾದರೆ 35 ಘನ ಮೀಟರಿಗೆ ಇನ್ನೊಂದು 230. ನೆಲ, ಚಾವಣಿ ಸೇರಿಸಿ 1,300 ಅಂತ ಹಿಡಿದೆ, 1,300ರದ್ದೇ ತಂದೆ. ಆದರೆ ಆ ಅಂಕಿ ಬರೆಯುವುದು ನೀರು 75 ಡಿಗ್ರಿಗೆ ಒಳಗೆ ಹೋಗಿ 65ಕ್ಕೆ ಹೊರಬಂದರೆ ಅನ್ನುವ ಲೆಕ್ಕದಲ್ಲಿ. ನಾನು ಇಂಧನ ಉಳಿಯಲಿ ಅಂತ ಬಾಯ್ಲರನ್ನು 55ಕ್ಕೆ ಇಳಿಸಿಟ್ಟಿದ್ದೆ. ಆಗ ಅದೇ ರೇಡಿಯೇಟರ್ ಕೊಡುವುದು ಹೆಚ್ಚುಕಮ್ಮಿ ಅರ್ಧ. ಅಂದರೆ ಕಡಿಮೆ ಬಿಸಿಯ ನೀರಿಗೆ ದುಪ್ಪಟ್ಟು ದೊಡ್ಡ ರೇಡಿಯೇಟರ್ ಬೇಕು.

ಇಲ್ಲವೇ ರೂಮಿಗೆ ಬೇಕಾಗುವುದನ್ನೇ ಕಡಿಮೆ ಮಾಡಬೇಕು. ಗೋಡೆಗೆ ಒಳ್ಳೆಯ ಇನ್ಸುಲೇಶನ್, ಅಂದರೆ ಶಾಖ ತಡೆಯುವ ಹೊದಿಕೆ, ಹಾಕಿದರೆ ಆ 680 ವ್ಯಾಟ್ 170ಕ್ಕೆ ಇಳಿಯುತ್ತದೆ. ಕಿಟಕಿ ಸಂದು ಮುಚ್ಚುವುದಂತೂ ಒಂದು ಮಧ್ಯಾಹ್ನದ ಕೆಲಸ. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಅದೇ ನನಗೆ ಆಶ್ಚರ್ಯ.

ಕೊನೆಗೆ ಮೂರನೇ ವರ್ಷ ಬೇರೆಯವರನ್ನು ಕರೆಸಿದೆ. ಆಕೆ ಬಂದವರೇ ರೂಮು ನೋಡಲಿಲ್ಲ, ಸೀದಾ ಬಾಯ್ಲರ್ ಹತ್ತಿರ ಹೋಗಿ ನಿಂತರು. ಅಲ್ಲಿಂದಲೇ ಹಿಂದಿನ ರೂಮಿಗೆ ಪ್ರತ್ಯೇಕ ಲೈನ್ ತೆಗೆದರು, ಒಂದು ಹೋಗಲು, ಒಂದು ವಾಪಸ್ ಬರಲು. ಅದಕ್ಕೊಂದು ಜೋನ್ ವಾಲ್ವ್, ಅಂದರೆ ಆ ಲೈನಿಗೆ ಮಾತ್ರ ನೀರು ಬಿಡುವ, ನಿಲ್ಲಿಸುವ ವಾಲ್ವ್, ರೂಮಿಗೇ ಒಂದು ಥರ್ಮೋಸ್ಟಾಟ್. ಪೈಪ್ ತುಂಬಾ ಸಣ್ಣದಾಯಿತಲ್ಲ ಅಂದೆ. 1,300 ವ್ಯಾಟ್ ಸಾಗಿಸಲು, 10 ಡಿಗ್ರಿ ಇಳಿಕೆಯ ಲೆಕ್ಕದಲ್ಲಿ, ನಿಮಿಷಕ್ಕೆ 2 ಲೀಟರ್ ನೀರೂ ಬೇಕಾಗಿಲ್ಲವಂತೆ. ಆಮೇಲೆ ನಾನೇ ಲೆಕ್ಕ ಹಾಕಿ ನೋಡಿದೆ, ಸರಿಯಾಗೇ ಇದೆ. ಪೈಪನ್ನು ಹೊರಗೋಡೆಯೊಳಗೆ ಹಾಕಲು ಮಾತ್ರ ಆಕೆ ಒಪ್ಪಲಿಲ್ಲ. ನೀರು ಹೆಪ್ಪುಗಟ್ಟಿದರೆ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಪೈಪ್ ಒಡೆದರೆ ಗೋಡೆ ಒಡೆಯಬೇಕು. ರೇಡಿಯೇಟರನ್ನು ಕಿಟಕಿ ಕೆಳಗೆ ಸರಿಸಿದರು, ಗಾಜಿನಿಂದ ಇಳಿಯುವ ತಣ್ಣನೆ ಗಾಳಿ ಅಲ್ಲೇ ಬೆಚ್ಚಗಾಗುತ್ತದೆ. ಕೊನೆಯಲ್ಲಿ ಲೈನಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಟ್ಟು ಹೋದರು. ಈ ಕೆಲಸ ಮರೆತರೆ ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗೆ.

ಪ್ರತ್ಯೇಕ ಲೈನಿಗೂ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಇಡೀ ಮನೆಗೆ ಅಂತ ಮಾಡಿದ ಬಾಯ್ಲರ್ ಒಂದೇ ಸಣ್ಣ ರೂಮಿಗೆ ಹೊತ್ತಿಕೊಂಡರೆ ಎರಡು ನಿಮಿಷ ಉರಿದು ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಹೀಗೆ ದಿನವಿಡೀ ನಡೆದರೆ ಇಂಧನವೂ ದಂಡ, ಬಾಯ್ಲರ್ ಆಯಸ್ಸೂ ಕಡಿಮೆ. ಅಂಥ ಕಡೆ ಮಧ್ಯದಲ್ಲಿ ಒಂದು ಬಫರ್ ಟ್ಯಾಂಕ್, ಅಂದರೆ ಬಿಸಿನೀರು ಕೂಡಿಡುವ ಟ್ಯಾಂಕ್, ಇಡಬೇಕು, ಇಲ್ಲವೇ ಪಕ್ಕದ ರೂಮನ್ನೂ ಅದೇ ಲೈನಿಗೆ ಸೇರಿಸಿ ಎರಡೂ ಕಡೆ ತಾನಾಗಿ ತೆರೆದು ಮುಚ್ಚುವ ವಾಲ್ವ್ ಹಾಕಬೇಕು. ನಾನು ಮಾಡಿದ್ದು ಎರಡನೆಯದು.

ನನ್ನ ಪತ್ರ ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಬೇಡ. ಆ ಹತ್ತಿರದ ಪೈಪಿನ ಸಲಹೆಗೆ ಮಾತ್ರ ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಯಾರಾದರೂ ಲೇಖನ ಕತ್ತರಿಸಿ ಇಟ್ಟುಕೊಂಡು ಸ್ನಾನದ ಲೈನಿಗೆ ಕೈಹಾಕುವ ಮೊದಲೇ ಅದು ಬರಲಿ.

ಇಂತಿ,
ನಿಮ್ಮ ಹಳೆಯ ಓದುಗ