ಹಳೇ ಕಪಾಟು ಕೊಳ್ಳುವವರು ಮೊದಲು ಅದರ ಬೆನ್ನು ನೋಡಲಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕೊಪ್ಪಳದ ಕಡೆ ಈಗ ಹೊಸ ಮನೆ ಕಟ್ಟಿಸುವವರು ಹಳೇ ಕಪಾಟು ಹುಡುಕಿಕೊಂಡು ಹೊರಟಿದ್ದಾರೆ. ಬಡಗಿ ಕೆಲಸದಲ್ಲೇ ಬದುಕು ಕಂಡ ನನಗೆ ಇದು ನಿಜವಾಗಿಯೂ ಖುಷಿಯ ವಿಷಯ. ಆದರೆ ಅವರು ಆರಿಸುವ ರೀತಿ ನೋಡಿದರೆ ಸಂಕಟ ಆಗುತ್ತದೆ. ಬಾಗಿಲ ಮೇಲಿನ ಕೆತ್ತನೆ ನೋಡುತ್ತಾರೆ. ಹಿತ್ತಾಳೆ ಹಿಡಿ ನೋಡುತ್ತಾರೆ. ಫೋನಿನಲ್ಲಿ ಫೋಟೊ ತೆಗೆದು ಮನೆಯವರಿಗೆ ಕಳಿಸಿ, ಅಲ್ಲೇ ಮುಂಗಡ ಕೊಟ್ಟು ಬರುತ್ತಾರೆ. ಕಪಾಟನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆಸಿ ಹಿಂದೆ ಹೋಗಿ ನೋಡಿದವರು ಬಹಳ ಕಡಿಮೆ. ಅಂಥವರಿಗಾಗಿ ಈ ಪತ್ರ.

ಮುಂದಿನ ಕೆತ್ತನೆಯನ್ನು ಯಾರು ಬೇಕಾದರೂ ಹೊಸದಾಗಿ ಮಾಡಿ ಅಂಟಿಸಬಹುದು. ಬೆನ್ನು ಸುಳ್ಳು ಹೇಳುವುದಿಲ್ಲ. ಹಿಂದಿನ ಕಾಲದವರು ಬೆನ್ನಿಗೆ ಅಗಲ ಹಲಗೆ ಜೋಡಿಸುತ್ತಿದ್ದರು, ಅದಕ್ಕೆ ನುಣುಪು ಕೊಡುತ್ತಿರಲಿಲ್ಲ. ಕೈ ಆಡಿಸಿದರೆ ಹತ್ತರಿ (ಕಟ್ಟಿಗೆ ಹೆರೆಯುವ ಉಪಕರಣ) ಹೊಡೆದ ಏರಿಳಿತ ಬೆರಳಿಗೆ ಸಿಗುತ್ತದೆ. ಅಲ್ಲಿ ಪ್ಲೈವುಡ್ ಇದ್ದರೆ ಬೆನ್ನು ಬದಲಾಗಿದೆ, ಇಲ್ಲವೇ ಇಡೀ ಕಪಾಟೇ ಹೊಸದು. ಆಮೇಲೆ ಡ್ರಾಯರ್ ಪೂರ್ತಿ ಹೊರಗೆ ತೆಗೆಯಿರಿ. ಮೂಲೆಯಲ್ಲಿ ಎರಡು ಹಲಗೆಗಳು ಹಲ್ಲು ಹಲ್ಲಾಗಿ ಒಂದರೊಳಗೊಂದು ಕೂತಿರುತ್ತವೆ. ಆ ಹಲ್ಲುಗಳು ಒಂದು ದಪ್ಪ, ಒಂದು ಸಣ್ಣ ಇದ್ದರೆ ಕೈಯಲ್ಲಿ ಕೊಯ್ದದ್ದು. ಎಲ್ಲವೂ ಒಂದೇ ಅಳತೆ ಇದ್ದರೆ ಯಂತ್ರದ ಕೆಲಸ. ಬಾಗಿಲ ತಿರುಗಣೆಯ (ಹಿಂಜ್) ಸ್ಕ್ರೂಗಳನ್ನೂ ನೋಡಿ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದ ಮೇಲೆ. ನೂರು ವರ್ಷದ್ದು ಅನ್ನುವ ಕಪಾಟಿನಲ್ಲಿ ಎಲ್ಲಾ ಕಡೆ ಅದೇ ಕಂಡರೆ ಪ್ರಶ್ನೆ ಕೇಳಲೇಬೇಕು. ಹಿತ್ತಾಳೆ ಅನ್ನುವ ಹಿಡಿಗೆ ಸಣ್ಣ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗಿರುವುದು ಕಬ್ಬಿಣ.

ಬೀಟೆ ಅಂತ ಹೇಳಿ ಬಣ್ಣ ಬಳಿದ ಮಾವಿನ ಕಟ್ಟಿಗೆ ಮಾರುವವರೂ ಇದ್ದಾರೆ. ಬೀಗದ ತಗಡು ಬಿಚ್ಚಿಸಿ ಅದರ ಕೆಳಗಿನ ಬಣ್ಣ ನೋಡಿದರೆ ಸಾಕು, ಗುಟ್ಟು ಗೊತ್ತಾಗುತ್ತದೆ. ಸಾಗವಾನಿಯಾದರೆ ಮೂಲೆಯಲ್ಲಿ ಸ್ವಲ್ಪ ಕೆರೆದಾಗ ತೊಗಲಿನಂಥ ವಾಸನೆ ಬರುತ್ತದೆ, ಮುಟ್ಟಿದರೆ ಎಣ್ಣೆಯ ಜಿಡ್ಡು ತಿಳಿಯುತ್ತದೆ.

ಇನ್ನು ನಮ್ಮ ಹವೆಯ ಮಾತು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಕೇರಳದಿಂದ, ಕರಾವಳಿಯಿಂದ ಲಾರಿಯಲ್ಲಿ ಬರುವ ಕಪಾಟು ಅಷ್ಟು ವರ್ಷ ತೇವದ ಗಾಳಿಯಲ್ಲಿ ನಿಂತಿದ್ದದ್ದು. ಇಲ್ಲಿಗೆ ಬಂದ ಮೇಲೆ ಕಟ್ಟಿಗೆ ಒಣಗಿ ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ. ಹಳೇ ಕೆಲಸಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಾಗಿಲಿಗೆ ಚೌಕಟ್ಟು ಮಾಡಿ, ಒಳಗಡೆ ಸಣ್ಣ ತೋಡು ತೆಗೆದು, ನಡುವಿನ ಹಲಗೆಯನ್ನು ಅಂಟು ಹಾಕದೆ ಸುಮ್ನೆ ಕೂರಿಸುತ್ತಿದ್ದರು. ಬೇಸಿಗೆಯಲ್ಲಿ ಕುಗ್ಗಲಿ, ಮಳೆಗಾಲದಲ್ಲಿ ಹಿಗ್ಗಲಿ, ಹಲಗೆಗೆ ಆಡಲು ಜಾಗ ಇರುತ್ತಿತ್ತು. ಎಂಥ ತಿಳಿವಳಿಕೆ ನೋಡಿ! ಈಗ ಪಾಲಿಶ್ ಮಾಡಿ ಮಾರುವವರು ಹಲಗೆ ಅಲುಗಾಡುತ್ತದೆ ಅಂತ ತೋಡಿಗೆ ಅಂಟು ಸುರಿದು, ಮೇಲೆ ಮೊಳೆ ಹೊಡೆಯುತ್ತಾರೆ. ಅಂಥ ಬಾಗಿಲು ಇಲ್ಲಿಯ ಮೊದಲ ಬೇಸಿಗೆಗೇ ಸೀಳುತ್ತದೆ.

ಗಂಗಾವತಿಯ ಟೀಚರ್ ಒಬ್ಬರು ಹೀಗೇ ದೂರದ ಊರಿಂದ ಸೀರೆ ಕಪಾಟು ತರಿಸಿದ್ದರು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಎರಡೂ ಬಾಗಿಲ ಹಲಗೆಗಳು ನಡುವೆ ಬಿಟ್ಟುಕೊಂಡವು. “ಅಣ್ಣಾರ, ಇಷ್ಟು ವರ್ಷ ಸೀಳದ್ದು ನನ್ನ ಮನ್ಯಾಗ ಯಾಕ ಸೀಳ್ತು?” ಅಂತ ಅವರು ಕೇಳಿದಾಗ ಕಣ್ಣಲ್ಲಿ ನೀರಿತ್ತು. ಕಟ್ಟಿಗೆಯದು ಏನೂ ತಪ್ಪಿರಲಿಲ್ಲ. ಅಂಟು ಬಿಡಿಸಿ, ಸೀಳು ಕೂಡಿಸಿ, ಹಲಗೆಯನ್ನು ಮತ್ತೆ ಸಡಿಲವಾಗಿ ಕೂರಿಸಿದೆ. ಈಗಲೂ ಚೆನ್ನಾಗಿದೆ. ಆದ್ದರಿಂದ ಕೊಳ್ಳುವಾಗ ಬಾಗಿಲ ಹಲಗೆಯನ್ನು ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಕೂದಲೆಳೆಯಷ್ಟು ಅಲುಗಿದರೆ ಒಳ್ಳೆಯದು. ಹೊರಗಿಂದ ತಂದದ್ದಾದರೆ ನೆರಳಿನ ಕೋಣೆಯಲ್ಲಿ ಒಂದು ಬೇಸಿಗೆ ಕಳೆಯುವ ತನಕ ರಿಪೇರಿ ಮಾಡಿಸಬೇಡಿ. ಮಳೆಗಾಲದಲ್ಲಿ ಬಾಗಿಲು ಬಿಗಿ ಆಯಿತು ಅಂತ ಹತ್ತರಿ ಹೊಡೆಸಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ.

ಅದಕ್ಕಿಂತ ಇಲ್ಲಿಯದನ್ನೇ ಹುಡುಕಿ ಅನ್ನುತ್ತೇನೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಸೈನ್ಯದ ದಂಡು ಇದ್ದ ಊರೂ ಹೌದು. ನಮ್ಮ ಕೊಪ್ಪಳ, ರಾಯಚೂರು ನಿಜಾಮರ ಕಡೆ ಇದ್ದವು. ಎರಡೂ ಕಡೆಯ ಹಳೇ ಮನೆಗಳಲ್ಲಿ ಒಳ್ಳೊಳ್ಳೆ ಅಲಮಾರುಗಳು ಇನ್ನೂ ಇವೆ. ಅವು ನಮ್ಮ ಬಿಸಿಲನ್ನು ಆಗಲೇ ಉಂಡು ನಿಂತಿವೆ. ಜಾಳಿಗೆ ಬಾಗಿಲಿನ ಅಡುಗೆಮನೆ ಕಪಾಟು ಸಿಕ್ಕರೆ ಬಿಡಬೇಡಿ. ಗಾಳಿ ಆಡುತ್ತದೆ, ಬೆಕ್ಕು ಬಾಯಿ ಹಾಕುವುದಿಲ್ಲ. ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಇರುವೆಯೂ ಹತ್ತುವುದಿಲ್ಲ.

ಹುಳು ಹಿಡಿದಿದೆಯಾ ಅನ್ನುವುದು ತಿಳಿಯಲು ಕಪಾಟಿನ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಕುಟ್ಟೆ ಹುಳು ಜೀವಂತ ಇದೆ. ತೂತುಗಳ ಒಳಗೆ ಕಪ್ಪಾಗಿ, ಪುಡಿ ಉದುರದೆ ಇದ್ದರೆ ಹಳೇ ಗಾಯ, ಹೆದರಬೇಕಿಲ್ಲ. ಗೆದ್ದಲು ನೆಲದಿಂದ ಬರುತ್ತದೆ. ಅದಕ್ಕೆ ಕಾಲುಗಳ ಕೆಳಗೆ ಶಹಾಬಾದ್ ಕಲ್ಲಿನ ತುಂಡು ಇಟ್ಟು, ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ, ಆಗಾಗ ಬಗ್ಗಿ ನೋಡುತ್ತಿರಿ. ಎರೆಮಣ್ಣಿನ ಮೇಲಿನ ಮನೆಗಳಲ್ಲಿ ನೆಲ ಸ್ವಲ್ಪ ಏರುಪೇರು ಆಗುತ್ತದೆ, ಬಾಗಿಲು ಕೂಡುವುದಿಲ್ಲ. ತಿರುಗಣೆ ಕೀಳುವ ಮೊದಲು ಒಂದು ಕಾಲಿನ ಕೆಳಗೆ ತೆಳ್ಳಗಿನ ಚಕ್ಕೆ ಕೊಟ್ಟು ನೋಡಿ. ಎಷ್ಟೋ ಸಲ ಅಷ್ಟೇ ಸಾಕು.

ಬಣ್ಣ ಬಳಿದ ಹಳೇ ಕಪಾಟಿನ ವಿಷಯದಲ್ಲಿ ತಾಯಂದಿರು ಜಾಸ್ತಿ ಎಚ್ಚರ ಇರಬೇಕು. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಹಳೇ ಬಣ್ಣವನ್ನು ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ಪುಡಿಪುಡಿಯಾಗಿ ಏಳುತ್ತಿರುವ ಬಣ್ಣದ ಕಪಾಟಿನಲ್ಲಿ ಕಾಳು ಕಡಿ, ಆಟಿಕೆ ಇಡಲೇಬೇಡಿ.

ಅಳತೆ ಮನೆಯಿಂದಲೇ ಬರೆದುಕೊಂಡು ಹೋಗಿ. ಮಡಿಚಿದ ಸೀರೆ, ಧೋತ್ರಕ್ಕೆ ಮಾಡಿಸಿದ ಕಪಾಟಿನ ಆಳ ಕಡಿಮೆ. ಹ್ಯಾಂಗರಿಗೆ ಒಳಗೆ 22 ಇಂಚಾದರೂ ಬೇಕು, ಪುಸ್ತಕಕ್ಕೆ 12 ಇಂಚು ಸಾಕು. ಮಕ್ಕಳಿರುವ ಮನೆಯಲ್ಲಿ ಎತ್ತರದ ಕಪಾಟನ್ನು ಮೇಲಿನಿಂದ ಗೋಡೆಗೆ ಬಿಗಿಯಲೇಬೇಕು.

ಮಾರುವವರಿಗೂ ಒಂದು ಮಾತು. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತುಗಳ ವ್ಯಾಪಾರಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಪರವಾನಗಿ ಬೇಕು. ನೂರು ವರ್ಷದ್ದು ಅಂತ ಬಾಯಲ್ಲಿ ಹೇಳುವವರು ಬಿಲ್ಲಿನಲ್ಲೂ ಬರೆದುಕೊಡಲಿ. ಕಟ್ಟಿಗೆ ಯಾವುದು, ಯಾವ ಭಾಗ ಬದಲಿಸಿದೆ ಅನ್ನುವುದನ್ನೂ ಬರೆಯಲಿ. ಗ್ರಾಹಕರು ಕೇಳಿ ಬರೆಸಿಕೊಳ್ಳಲಿ.

ಹಳೇ ಮನೆ ಕೆಡವುವವರಲ್ಲಿ ಕೈಮುಗಿದು ಕೇಳುತ್ತೇನೆ. ಜೆಸಿಬಿ ಬರುವ ಮೊದಲು ಗೋಡೆ ಕಪಾಟಿನ ಚೌಕಟ್ಟು, ಬಾಗಿಲು ಬಿಡಿಸಿಕೊಳ್ಳಿ. ಅದಕ್ಕೆ ಮೈ, ಬೆನ್ನು ಕಟ್ಟಿ ಹೊಸ ಮನೆಯಲ್ಲಿ ನಿಲ್ಲಿಸಿಕೊಡುವ ಬಡಗಿಗಳು ನಿಮ್ಮ ಊರಲ್ಲೇ ಇದ್ದಾರೆ. ಗುಜರಿಯವರಿಗೆ ಫೋನ್ ಮಾಡುವ ಮೊದಲು ಅವರನ್ನು ಒಮ್ಮೆ ಕರೆದು ತೋರಿಸಿ.

– ಒಬ್ಬ ಬಡಗಿ, ಭಾಗ್ಯನಗರ, ಕೊಪ್ಪಳ