ಮೇನ್‌ಫ್ರೇಮ್ ಹಳೇದು ಅನ್ನೋ ಮೊದಲು

ಮಾನ್ಯ ಸಂಪಾದಕರೇ,

ಯಾವುದೋ ಬ್ಯಾಂಕಿನ ಸಿಸ್ಟಂ ನಿಂತೋಯ್ತು ಅಂದ್ರೆ ಸಾಕು, ಮೇನ್‌ಫ್ರೇಮ್ (ಬ್ಯಾಂಕಿನ ಲೆಕ್ಕವೆಲ್ಲ ನಡೆಸೋ ದೊಡ್ಡ ಕಂಪ್ಯೂಟರ್) ಹಳೇದು, ಕಿತ್ತಾಕಿ ಅಂತಾರೆ. ಬೆಂಗಳೂರಲ್ಲಿ ಕೂತ್ಕೊಂಡು ಹೊರದೇಶದ ಕ್ಲೈಂಟ್‌ಗಳ ಮೇನ್‌ಫ್ರೇಮ್ ನೋಡ್ಕೊಳ್ಳೋ ನನ್ನಂಥೋರಿಗೆ ಇದು ಬೇಜಾರಾಗತ್ತೆ, ಯಾಕಂದ್ರೆ ತೊಂದರೆ ಇರೋದು ಮೆಷಿನ್‌ನಲ್ಲಲ್ಲ, ಅದನ್ನ ನೋಡ್ಕೊಳ್ಳೋ ರೀತಿಯಲ್ಲಿ.

ಐಬಿಎಂ ಮೇನ್‌ಫ್ರೇಮಲ್ಲಿ ಬಡ್ಡಿ ಲೆಕ್ಕ, ಸ್ಟೇಟ್‌ಮೆಂಟು, ಸಂಬಳ ಇಂಥ ರಾತ್ರಿ ಜಾಬ್‌ಗಳನ್ನ ಕ್ಯೂ ಹಿಡಿದು ಓಡಿಸೋದು ಜೆಸ್2 ಅನ್ನೋ ಸಾಫ್ಟ್‌ವೇರ್. 1960ರ ದಶಕದಲ್ಲಿ ಹ್ಯೂಸ್ಟನ್‌ನಲ್ಲಿ ನಾಸಾ ಕೆಲಸಕ್ಕೆ ಅಂತ ಐಬಿಎಂನೋರು ಬರೆದ ಹ್ಯಾಸ್ಪ್ ಅನ್ನೋ ಪ್ರೋಗ್ರಾಂ ಇದರ ಮೂಲ, ಇವತ್ತಿಗೂ ಕನ್ಸೋಲಲ್ಲಿ (ಆಪರೇಟರ್ ನೋಡೋ ಪರದೆ) ಜೆಸ್2ನ ಮೆಸೇಜ್‌ಗಳು ಹ್ಯಾಸ್ಪ್ ಅಂತಾನೇ ಬರ್ತವೆ. 32 ಸಿಸ್ಟಂ ತನಕ ಒಂದೇ ಸ್ಪೂಲ್ (ಜಾಬ್‌ಗಳು, ಅವುಗಳ ಔಟ್‌ಪುಟ್ ಇಡೋ ಡಿಸ್ಕ್ ಜಾಗ) ಹಂಚ್ಕೋಬಹುದು, ಯಾವ ಜಾಬ್ ಎಲ್ಲಿದೆ ಅನ್ನೋ ಲೆಕ್ಕವೆಲ್ಲ ಚೆಕ್‌ಪಾಯಿಂಟ್ ಅನ್ನೋ ಡೇಟಾಸೆಟ್‌ನಲ್ಲಿ (ಅಂದ್ರೆ ಫೈಲ್‌ನಲ್ಲಿ), ಅದನ್ನ ಒಂದು ಸಲಕ್ಕೆ ಒಂದೇ ಸಿಸ್ಟಂ ಲಾಕ್ ಹಾಕಿ ಓದಿ ಬರೆದು ಬಿಡಬೇಕು.

ಆ ಚೆಕ್‌ಪಾಯಿಂಟ್ ಇರೋ ಡಿಸ್ಕ್ ಕೈಕೊಟ್ರೆ ಜೆಸ್2 ಸಾಯಲ್ಲ. ಓಡ್ತಿರೋ ಜಾಬ್ ಓಡ್ತಾ ಇರತ್ತೆ, ಕ್ಯೂ ಮುಟ್ಟಬೇಕಾದ ಕೆಲಸ ಮಾತ್ರ ನಿಲ್ಲತ್ತೆ, ಎಲ್ಲ ಸಿಸ್ಟಂಗಳೂ ಸೇರಿ ರೀಕಾನ್ಫಿಗರೇಶನ್‌ಗೆ (ಚೆಕ್‌ಪಾಯಿಂಟ್ ಜಾಗ ಬದಲಿಸೋ ಕ್ರಮ) ಹೋಗಿ ಅದರ ಎರಡನೇ ಕಾಪಿ ಹಿಡ್ಕೊಂಡು ಮೊದಲೇ ಹೆಸರಿಸಿಟ್ಟ ಸ್ಪೇರ್ ಡೇಟಾಸೆಟ್‌ಗೆ ದಾಟ್ತವೆ. ಸ್ಪೇರ್ ಹೆಸರಿಸಿ, ಆಪರೇಟರನ್ನ ಕೇಳೋದು ಬೇಡ ಅಂತ ಸೆಟ್ ಮಾಡಿದ್ರೆ ಕೇಳದೇನೇ ದಾಟತ್ತೆ. ಆದ್ರೆ ಎಷ್ಟೋ ಕಡೆ ಸ್ಪೇರ್ ಜಾಗ ಖಾಲಿ ಇರೋದನ್ನ ನಾನೇ ನೋಡಿದೀನಿ, ಇಲ್ಲಾಂದ್ರೆ ಎರಡು ಕಾಪಿನೂ ಒಂದೇ ಡಿಸ್ಕ್ ಬಾಕ್ಸ್‌ನಲ್ಲಿ, ಬಾಕ್ಸ್ ಹೋದ್ರೆ ಎರಡೂ ಹೋಯ್ತು, ಆಮೇಲೆ ಕೋಲ್ಡ್ ಸ್ಟಾರ್ಟ್ ಮಾಡಬೇಕಾಗಬಹುದು, ಅಂದ್ರೆ ಎಲ್ಲ ಮೊದಲಿಂದ ಶುರು, ಸ್ಪೂಲ್‌ನಲ್ಲಿದ್ದ ಜಾಬ್, ಔಟ್‌ಪುಟ್ ಎಲ್ಲ ಖಾಲಿ.

ಇನ್ನೊಂದು ಇದಕ್ಕಿಂತ ಭಯ ಹುಟ್ಟಿಸೋದು. ಲಾಕ್ ಹಿಡ್ಕೊಂಡಿದ್ದ ಸಿಸ್ಟಂ ಮಧ್ಯದಲ್ಲೇ ಬಿದ್ರೆ ಉಳಿದೋವು ಚೆಕ್‌ಪಾಯಿಂಟ್‌ಗೆ ಕಾಯ್ತಾ ಇದೀವಿ ಅಂತ ಮೆಸೇಜ್ ಹಾಕ್ತವೆ, ಆಗ ಆಪರೇಟರ್ ಕಮಾಂಡ್ ಕೊಟ್ಟು ಲಾಕ್ ಒಡೀಬಹುದು. ಆದ್ರೆ ಆ ಸಿಸ್ಟಂ ನಿಜವಾಗ್ಲೂ ಸತ್ತಿದೆಯಾ ಇಲ್ಲಾ ಬರೀ ನಿಧಾನ ಆಗಿದೆಯಾ ಅಂತ ನೋಡದೇ ಒಡೆದ್ರೆ ಎರಡು ಸಿಸ್ಟಂಗಳೂ ಒಟ್ಟಿಗೆ ಬರೆದು ಕ್ಯೂ ಕೆಟ್ಟೋಗತ್ತೆ. ರಾತ್ರಿ ಪಾಳಿಯಲ್ಲಿ ಒಬ್ಬನೇ ಕೂತಿರೋ ಹೊಸ ಹುಡುಗ, ಫೋನಲ್ಲಿ ಮ್ಯಾನೇಜರ್ ಬೇಗ ಬೇಗ ಅಂತಿರುವಾಗ, ಇದನ್ನ ಹೇಗೆ ತೀರ್ಮಾನ ಮಾಡ್ತಾನೆ ಹೇಳಿ. ಅವನಿಗೆ ಕಾಲೇಜಲ್ಲೂ ಹೇಳ್ಕೊಟ್ಟಿಲ್ಲ, ಕಂಪನಿಯಲ್ಲೂ ಕೋಬಾಲ್ ಪ್ರೋಗ್ರಾಮಿಂಗ್ ಒಂದಿಷ್ಟು ಕಲಿಸಿ ಶಿಫ್ಟಿಗೆ ಹಾಕ್ತಾರೆ.

ಚೆಕ್‌ಪಾಯಿಂಟ್‌ನ ಬೇರೆ ಡೇಟಾಸೆಟ್‌ಗೆ ದಾಟಿಸೋಕೆ ಜೆಸ್2ನಲ್ಲೇ ಕಮಾಂಡ್ ಇದೆ, ಟೆಸ್ಟ್ ಸಿಸ್ಟಂನಲ್ಲಿ ಮಾಡಿಸೋಕೆ ಖರ್ಚೇನೂ ಇಲ್ಲ. ಇಲ್ಲಿನ ಐಟಿ ಕಂಪನಿಗಳು ಹುಡುಗರನ್ನ ರಾತ್ರಿ ಶಿಫ್ಟಿಗೆ ಕೂರಿಸೋ ಮುಂಚೆ ಅದನ್ನ ಅವರ ಕೈಯಲ್ಲೇ ಮಾಡಿಸಲಿ, ಲಾಕ್ ಒಡೆಯೋದು ಯಾರ ಒಪ್ಪಿಗೆ ಮೇಲೆ ಅನ್ನೋದನ್ನ ಬರೆದು ಕನ್ಸೋಲ್ ಪಕ್ಕ ಅಂಟಿಸಲಿ.

— ಒಬ್ಬ ಮೇನ್‌ಫ್ರೇಮ್ ಸಿಸ್ಟಂ ಪ್ರೋಗ್ರಾಮರ್, ಬೆಂಗಳೂರು