ಹೊಸ್ತಿಲಲ್ಲಿ ನಿಂತ ಹಾಡುಗಾರ

ಚಿ. ಮೇಘನಾಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

‘ಸಿನ್ನರ್ಸ್’ ನೋಡಿ ಬಂದ ಮೇಲೆ ನಮ್ಮ ಬ್ಯಾಂಡು ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ನುಡಿಸಿದರೆ ಅದು ಕಳ್ಳತನವಾಗುತ್ತದೆಯೇ ಎಂದು ಕೇಳಿದ್ದೀಯ. ನುಡಿಸುವುದು ಕಳ್ಳತನವಲ್ಲ, ಮಗು. ಯಾರ ಹೆಸರು ಅಳಿಸಿ ನುಡಿಸುತ್ತೀರಿ, ದುಡ್ಡು ಯಾರ ಕೈ ಸೇರುತ್ತದೆ, ಹಾಡಿನ ಮೇಲೆ ಹಿಡಿತ ಯಾರದು, ಇವುಗಳಲ್ಲಿದೆ ಕಳ್ಳತನ. ರಯಾನ್ ಕೂಗ್ಲರ್ ಆ ಸಿನಿಮಾದಲ್ಲಿ ಇದನ್ನು ಬಹಳ ಕರಾರುವಾಕ್ಕಾಗಿ ತೋರಿಸಿದ್ದಾರೆ. ಅದರ ಮೇಲೆ ನೀನು ಬರೆಯುವ ಪ್ರಬಂಧಕ್ಕಾದರೂ ಇನ್ನೊಂದು ಸಲ ನೋಡು. ಈ ಸಲ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡು.

ಕಥೆ ನಡೆಯುವುದು 1932ರಲ್ಲಿ, ಅಮೆರಿಕದ ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್‌ನಲ್ಲಿ. ಹಗಲೆಲ್ಲ ಹತ್ತಿ ಬಿಡಿಸಿದ ಕಪ್ಪು ಜನ ರಾತ್ರಿ ಕುಣಿಯಲೆಂದು ಅವಳಿ ಅಣ್ಣತಮ್ಮಂದಿರು ಹಳೆಯ ಮರದ ಮಿಲ್ಲೊಂದನ್ನು ಕೊಂಡು ಅಡ್ಡೆ ಮಾಡುತ್ತಾರೆ. ಅಲ್ಲಿ ಒಂದು ಸಣ್ಣ ಪ್ರಸಂಗವಿದೆ, ನೀನು ಗಮನಿಸಿರಲಾರೆ. ಗಿರಾಕಿಯೊಬ್ಬ ಕುಡಿತಕ್ಕೆ ಜಮೀನ್ದಾರ ಕೊಟ್ಟ ಬಿಲ್ಲೆಯನ್ನು ಮುಂದಿಡುತ್ತಾನೆ. ಪಾಲಿಗೆ ಹೊಲ ಮಾಡುವವನಿಗೆ ಕೂಲಿಯಾಗಿ ಸಿಗುತ್ತಿದ್ದದ್ದು ಎಷ್ಟೋ ಕಡೆ ಅದೇ. ಅದು ನಡೆಯುತ್ತಿದ್ದದ್ದು ಅದೇ ಜಮೀನ್ದಾರನ ಅಂಗಡಿಯಲ್ಲಿ ಮಾತ್ರ, ಹೊರಗೆ ಅದಕ್ಕೆ ಕಾಸಿನ ಬೆಲೆಯಿಲ್ಲ. ರೆಕಾರ್ಡ್ ಕಂಪನಿಗಳು ಬ್ಲೂಸ್ ಹಾಡುಗಾರರ ಜೊತೆ ಮಾಡಿಕೊಳ್ಳುತ್ತಿದ್ದ ವ್ಯವಹಾರವೂ ಇದೇ ಜಾತಿಯದು. ಹಾಡಿಗಿಷ್ಟು ಎಂದು ಒಂದೇ ಸಲ ಕೈಗೆ ಕೊಟ್ಟು, ರಾಯಲ್ಟಿಯ ಮಾತೇ ಎತ್ತದೆ ಕಳಿಸಿಬಿಡುವುದು. ಆ ಬಿಲ್ಲೆ ಅರ್ಥವಾದರೆ ರಕ್ತಪಿಶಾಚಿಯೂ ಅರ್ಥವಾಗುತ್ತಾನೆ.

ಆ ರಕ್ತಪಿಶಾಚಿ, ಐರ್ಲೆಂಡ್ ಮೂಲದ ರೆಮ್ಮಿಕ್, ಅಡ್ಡೆಯ ಬಾಗಿಲಿಗೆ ಬರುವ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡು. ಜೊತೆಗೆ ಬಿಳಿಯ ದಂಪತಿ. ಒಳಗೆ ಕರೆಯದೆ ಅವನು ಹೊಸ್ತಿಲು ದಾಟುವಂತಿಲ್ಲ. ನಗುನಗುತ್ತಾ, ನಾವೂ ಹಾಡುವವರೇ, ದುಡ್ಡಿದೆ, ಭೇದಭಾವವಿಲ್ಲ ಎನ್ನುತ್ತಾರೆ. ಆಮೇಲೆ ಹಾಡುವುದು ‘ಪಿಕ್ ಪೂರ್ ರಾಬಿನ್ ಕ್ಲೀನ್’. ಅದು ಕಪ್ಪು ಗಾಯಕರು 1920ರ ದಶಕದಲ್ಲೇ ರೆಕಾರ್ಡ್ ಮಾಡಿದ್ದ ಹಾಡು. ಇವರ ಬಾಯಲ್ಲಿ ಸ್ವರ ಶುದ್ಧ, ಲಯ ಅಚ್ಚುಕಟ್ಟು, ಹಾಡಿನ ಒರಟು ಮಾತ್ರ ಮಾಯ. ಯಾರ ಹಾಡೋ ಅವರ ಮನೆ ಬಾಗಿಲಲ್ಲೇ ಅದನ್ನು ಹಾಡಿ ಒಳಗೆ ಬಿಡಿ ಎಂದು ಕೇಳುತ್ತಿದ್ದಾರೆ.

ಇನ್ನು ಎರಡು ಕುಣಿತಗಳನ್ನು ಅಕ್ಕಪಕ್ಕ ಇಟ್ಟು ನೋಡು. ಒಳಗೆ ಬ್ಲೂಸ್ ಹಾಡುವ ಹುಡುಗ ಸ್ಯಾಮಿ ಹಾಡುವಾಗ ಹಿಂದಿನವರೂ ಮುಂದೆ ಬರುವವರೂ ಒಂದೇ ನೆಲದ ಮೇಲೆ ಸೇರುತ್ತಾರೆ: ಆಫ್ರಿಕಾದ ನರ್ತಕರು, ಎಲೆಕ್ಟ್ರಿಕ್ ಗಿಟಾರಿನವನು, ಡಿಜೆ, ಚೀನೀ ಒಪೆರಾದವರು. ಪ್ರತಿಯೊಬ್ಬರ ಹೆಜ್ಜೆಯೂ ಅವರವರದೇ. ಹೊರಗೆ ರೆಮ್ಮಿಕ್ ‘ರಾಕಿ ರೋಡ್ ಟು ಡಬ್ಲಿನ್’ ಹಾಡುತ್ತಾನೆ. ಐರಿಷ್ ಸ್ಲಿಪ್ ಜಿಗ್ ಅದು, ಒಂಬತ್ತು ಎಣಿಕೆಯದು. (ನಮ್ಮ ಕರ್ನಾಟಕ ಸಂಗೀತದ ಸಂಕೀರ್ಣ ನಡೆಯ ಹಾಗೆ ನಾಲ್ಕು-ಐದಲ್ಲ, ಮೂರು-ಮೂರು-ಮೂರು ಎಂದು ಎಣಿಸು.) ಅವನು ಕಚ್ಚಿದವರೆಲ್ಲ ಸುತ್ತುಗಟ್ಟಿ ಅವನ ಹಾಡಿಗೆ ಕುಣಿಯುತ್ತಾರೆ. ಅವರ ನೆನಪು, ಅವರ ಭಾಷೆ ಎಲ್ಲವೂ ಅವನ ತಲೆಗೆ ಬಂದಿದೆ. ಅಂಗಡಿಯ ಗ್ರೇಸ್ ಚೌಳನ್ನು ಅವಳದೇ ಚೀನೀ ಭಾಷೆಯಲ್ಲಿ ಮಾತಾಡಿಸುತ್ತಾನೆ. ಅವಳು ಬೆಚ್ಚುವುದು ಸಹಜ. ಅವಳ ಗಂಡನ ರಕ್ತ ಹೀರಿ ಕಲಿತ ಮಾತು ಅದು.

ಆದರೆ ಬಿಳಿಯನೆಂದರೆ ಪಿಶಾಚಿ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಡ. ರೆಮ್ಮಿಕ್‌ನ ತಂದೆಯ ನೆಲವನ್ನೂ ಕಸಿದುಕೊಂಡಿದ್ದರು, ಕಸಿದವರ ಪ್ರಾರ್ಥನೆಯನ್ನೇ ಅವನಿಗೆ ಕಲಿಸಿದ್ದರು. ಕಳೆದುಹೋದ ತನ್ನವರನ್ನು ಮತ್ತೆ ನೋಡುವ ಹಂಬಲಕ್ಕೇ ಅವನಿಗೆ ಸ್ಯಾಮಿಯ ಹಾಡು ಬೇಕು. ಅವನನ್ನು ಬೆನ್ನಟ್ಟಿ ಬರುವವರು ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ. 1830ರ ಒಪ್ಪಂದದ ಮೇಲೆ ಮಿಸಿಸಿಪಿಯಿಂದ ಎತ್ತಂಗಡಿಯಾದ ಇದೇ ಚಾಕ್ಟಾಗಳು 1847ರಲ್ಲಿ ಐರ್ಲೆಂಡಿನ ಬರಗಾಲಕ್ಕೆ ಹಣ ಕೂಡಿಸಿ ಕಳಿಸಿದ್ದರು. ನೊಂದವನು ಇನ್ನೊಬ್ಬ ನೊಂದವನ ಗಂಟು ಕದಿಯಬಲ್ಲ, ಅವನ ಕೈಯನ್ನೂ ಹಿಡಿಯಬಲ್ಲ. ಪ್ರಬಂಧದಲ್ಲಿ ಈ ಎರಡೂ ಇರಲಿ.

ಇತಿಹಾಸ ಬರೆಯುವಾಗ ಜಾಗ್ರತೆ. ‘ಹೌಂಡ್ ಡಾಗ್’ ಅನ್ನು ರಾಕ್ ಅಂಡ್ ರೋಲ್‌ನ ಬಿಳಿಯ ತಾರೆ ಎಲ್ವಿಸ್ ಪ್ರೀಸ್ಲಿ ಕಪ್ಪು ಹೆಂಗಸಿನಿಂದ ಕದ್ದ ಎಂದು ಎಲ್ಲರೂ ಬರೆಯುತ್ತಾರೆ. 1952ರಲ್ಲಿ ಅದನ್ನು ಮೊದಲು ರೆಕಾರ್ಡ್ ಮಾಡಿದ್ದು ಬಿಗ್ ಮಾಮಾ ಥಾರ್ನ್‌ಟನ್, ನಿಜ. ಆದರೆ ಬರೆದವರು ಲೀಬರ್ ಮತ್ತು ಸ್ಟಾಲರ್ ಎಂಬ ಇಬ್ಬರು ಬಿಳಿಯ ಹುಡುಗರು. ಅಲ್ಲಿಯ ಅನ್ಯಾಯ ಬೇರೆ: ಹಾಡಿಗೆ ಜೀವ ತುಂಬಿದವಳಿಗಿಂತ ಎಷ್ಟೋ ಪಾಲು ಹೆಚ್ಚು ಹಣ, ಹೆಸರು 1956ರಲ್ಲಿ ಅದನ್ನು ಹಾಡಿದ ಎಲ್ವಿಸ್‌ಗೆ ಹೋಯಿತು. ನಿನಗೆ ಗಟ್ಟಿ ಉದಾಹರಣೆ ಬೇಕಿದ್ದರೆ ಆರ್ಥರ್ ಕ್ರೂಡಪ್‌ನದು ತೆಗೆದುಕೋ. ಮಿಸಿಸಿಪಿಯ ಬ್ಲೂಸ್ ಹಾಡುಗಾರ. 1946ರಲ್ಲಿ ‘ದಟ್ಸ್ ಆಲ್ ರೈಟ್’ ರೆಕಾರ್ಡ್ ಮಾಡಿದ. 1954ರಲ್ಲಿ ಎಲ್ವಿಸ್‌ನ ಮೊದಲ ಸಿಂಗಲ್ ಆಗಿ ಬಂದದ್ದು ಅದೇ ಹಾಡು. ಬರಬೇಕಿದ್ದ ರಾಯಲ್ಟಿಯ ಬಹುಪಾಲು ಕೈಸೇರದೆಯೇ ಕ್ರೂಡಪ್ 1974ರಲ್ಲಿ ತೀರಿಕೊಂಡ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ ‘ಹೋಲ್ ಲಾಟ ಲವ್’ 1969ರದು. ಅದು ತನ್ನ ಹಾಡಿನಿಂದ ಎತ್ತಿದ್ದೆಂದು ಬ್ಲೂಸ್ ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋಗಬೇಕಾಯಿತು, ಕೊನೆಗೆ ರಾಜಿಯಾಯಿತು.

ಹಾಗೆಂದು ಹೊರಗಿನವರು ಕೈಯಿಡಲೇಬಾರದೆಂದಲ್ಲ. ಈ ಸಿನಿಮಾದ ಸಂಗೀತ ನಿರ್ದೇಶಕ ಲುಡ್ವಿಗ್ ಗೊರಾನ್ಸನ್ ಸ್ವೀಡನ್ನಿನವರು. ಸ್ಯಾಮಿ ಹಾಡುವ ‘ಐ ಲೈಡ್ ಟು ಯು’ ಅನ್ನು ಅವರು ಕಪ್ಪು ಸಂಗೀತಗಾರ ರಾಫೇಲ್ ಸಾದಿಕ್ ಜೊತೆ ಕೂತು ಬರೆದರು, ಹೆಸರು ಇಬ್ಬರದೂ ಇದೆ. ಮುದಿ ಸ್ಯಾಮಿಯ ಪಾತ್ರ ಮಾಡಿದವರು ಬ್ಲೂಸ್‌ನ ಹಿರಿಯ ಬಡ್ಡಿ ಗೈ. ಕೂಗ್ಲರ್ ಅಂತೂ 25 ವರ್ಷದ ನಂತರ ಸಿನಿಮಾದ ಹಕ್ಕು ಸ್ಟುಡಿಯೋದಿಂದ ತನಗೆ ಮರಳಬೇಕೆಂದು ಮೊದಲೇ ಕರಾರು ಬರೆಸಿಕೊಂಡರು. ಕ್ರೂಡಪ್‌ನಿಗೆ ಸಿಗದೇ ಹೋದದ್ದು ಅಂಥ ಕರಾರು.

ಈಗ ನಿನ್ನ ಗಿಟಾರಿಗೆ ಬರೋಣ. ಬೆರಳಿಡದೆ ಮೀಟಿದರೂ ಜಿ ಕಾರ್ಡ್ ಕೇಳಿಸುವ ಓಪನ್ ಜಿ ಶ್ರುತಿ ಮಾಡಿಕೋ. ಆರನೇ ತಂತಿಯನ್ನು ಇ ಇಂದ ಡಿಗೆ, ಐದನೆಯದನ್ನು ಎ ಇಂದ ಜಿಗೆ, ಒಂದನೆಯದನ್ನು ಇ ಇಂದ ಡಿಗೆ ಸಡಿಲಿಸು; ಉಳಿದ ಮೂರನ್ನು ಮುಟ್ಟಬೇಡ. ಸ್ಲೈಡನ್ನು (ತಂತಿಯ ಮೇಲೆ ಜಾರಿಸುವ ಕೊಳವೆ) ಕಿರುಬೆರಳಿಗೆ ಹಾಕಿಕೋ. ಐದನೇ ಫ್ರೆಟ್ಟಿನಲ್ಲಿ ಸಿ, ಏಳನೆಯದರಲ್ಲಿ ಡಿ ಸಿಗುತ್ತದೆ. ಬ್ಲೂಸ್‌ನ ಹನ್ನೆರಡು ಆವರ್ತದ (ಬಾರ್‌ನ) ಕಟ್ಟು ಹೀಗೆ: ಜಿ ನಾಲ್ಕು, ಸಿ ಎರಡು, ಜಿ ಎರಡು, ಡಿ ಒಂದು, ಸಿ ಒಂದು, ಮತ್ತೆ ಜಿ ಎರಡು. ಸ್ಲೈಡ್ ಫ್ರೆಟ್ಟಿನ ಲೋಹದ ಪಟ್ಟಿಯ ನೇರ ಮೇಲಿರಬೇಕು, ಬೆರಳಿಡುವ ಹಾಗೆ ಅದರ ಹಿಂದಲ್ಲ. ಹಿಂದಿಟ್ಟರೆ ಸ್ವರ ತಗ್ಗುತ್ತದೆ. ಒತ್ತಿದರೆ ತಂತಿ ಫ್ರೆಟ್ಟಿಗೆ ಬಡಿದು ಕಟಕಟ ಎನ್ನುತ್ತದೆ. ಸ್ಲೈಡಿನ ಹಿಂದೆ ಉಳಿದ ಬೆರಳುಗಳನ್ನು ತಂತಿಯ ಮೇಲೆ ಹಗುರವಾಗಿ ಮಲಗಿಸದಿದ್ದರೆ ಬೇಡದ ಸ್ವರಗಳು ಗುಂಯ್‌ಗುಡುತ್ತವೆ.

ನಿನಗೆ ಕಷ್ಟವಾಗುವುದು ಗಾಂಧಾರ, ಸರಿಗಮದ ‘ಗ’. ಕರ್ನಾಟಕ ಸಂಗೀತ ಕಲಿತ ಕಿವಿ ಅದನ್ನು ಸಾಧಾರಣ (ತಗ್ಗಿನ ಗ) ಅಥವಾ ಅಂತರ (ಏರಿದ ಗ) ಎಂದು ಗೂಡಿಗೆ ಹಾಕಿಬಿಡುತ್ತದೆ. ಬ್ಲೂಸ್ ಗಾಂಧಾರ ಈ ಎರಡರ ನಡುವೆ ನಿಲ್ಲುತ್ತದೆ. ಮೂರನೇ ತಂತಿಯಲ್ಲಿ ಮೂರನೇ ಫ್ರೆಟ್ ದಾಟಿ ನಾಲ್ಕನೆಯದನ್ನು ಮುಟ್ಟುವ ಮುಂಚೆ ನಿಲ್ಲು. ಅಲ್ಲಿ ಸ್ವರ ಅಲುಗಿಸುವ ಕಂಪಿತ ಗಮಕ ಹಾಕಬೇಡ, ಅದು ರಾಗದ ವಾಸನೆ ತರುತ್ತದೆ. ಬಾಗಿಲಲ್ಲಿ ರೆಮ್ಮಿಕ್ ಮಾಡಿದ್ದು ಇದೇ ಅಲ್ಲವೇ, ಸ್ವರ ತಿದ್ದಿ ನಯ ಮಾಡಿದ್ದು?

ಕಾಗದಪತ್ರದ ವಿಷಯ. ಹಾಡಿನಲ್ಲಿ ಸಾಹಿತ್ಯ, ಸಂಗೀತ, ರೆಕಾರ್ಡಿಂಗ್ ಎಂದು ಮೂರು ಬೇರೆ ಬೇರೆ ಹಕ್ಕುಗಳಿವೆ. ಕೆಫೆಯಲ್ಲಿ ನುಡಿಸುವುದಾದರೆ ಅವರ ಬಳಿ ಐಪಿಆರ್‌ಎಸ್ (ಹಾಡು ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ) ಲೈಸೆನ್ಸ್ ಇದೆಯೇ ಎಂದು ಮೊದಲೇ ಕೇಳು. ಕನ್ನಡದ ಸಾಲು ಕೂಡಿಸಿ ಹಾಡಬೇಕೆಂದು ಬರೆದಿದ್ದೀಯಲ್ಲ, ಎಡವುವುದು ಅಲ್ಲೇ. ಕಾಪಿರೈಟ್ ಕಾಯ್ದೆಯ 31ಸಿ ಕಲಮಿನ ಕವರ್ ಲೈಸೆನ್ಸ್ ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದ ಮೇಲಷ್ಟೇ, ಅದೂ ಹಾಡನ್ನು ಬದಲಿಸದೆ ಮಾಡಿದರಷ್ಟೇ ಸಿಗುತ್ತದೆ. ಸಾಹಿತ್ಯ ಅನುವಾದಿಸಿದರೆ ಬರೆದವರ ಅಥವಾ ಪ್ರಕಾಶಕರ ಒಪ್ಪಿಗೆ ಬೇಕೇ ಬೇಕು. ಹಳೆಯ ರೆಕಾರ್ಡಿನ ತುಣುಕು ಸೇರಿಸಿದರೆ ರೆಕಾರ್ಡಿಂಗಿನವರ ಅನುಮತಿ ಬೇರೆ. ಇದಕ್ಕಿಂತ ಹನ್ನೆರಡು ಆವರ್ತದ ಕಟ್ಟಿನಲ್ಲಿ ನಿನ್ನದೇ ಹೊಸ ಹಾಡು ಬರೆ. ಆ ಕಟ್ಟು ಯಾರೊಬ್ಬರ ಸೊತ್ತೂ ಅಲ್ಲ. ಮೊದಲ ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಉತ್ತರದಂಥ ಮೂರನೆಯದು. ಯಾರನ್ನು ಕೇಳಿ ಕಲಿತೆಯೋ ಅವರ ಹೆಸರನ್ನು ವೇದಿಕೆಯ ಮೇಲೆ ಹೇಳು, ವಿಡಿಯೋದ ಕೆಳಗೂ ಬರೆ.

ಸಿದ್ದಿ ಜನರ ಡಮಾಮ್ ಎಂಬ ಡೋಲಿನ ಸದ್ದನ್ನು ಎಲ್ಲಿಂದಲೋ ಇಳಿಸಿಕೊಂಡು ಬೆರೆಸುವ ನಿನ್ನ ಯೋಚನೆ ನನಗೆ ಒಪ್ಪಿಗೆಯಿಲ್ಲ. ಅವರೂ ಆಫ್ರಿಕಾ ಮೂಲದವರಲ್ಲವೇ ಎಂದಿದ್ದೀಯ. ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಬಹುಪಾಲು ಜನರ ಹಿರಿಯರನ್ನು ತಂದವರು ಪೋರ್ಚುಗೀಸರು, ಗೋವೆಯ ದಾರಿಯಲ್ಲಿ, ಹೆಚ್ಚಾಗಿ ಆಫ್ರಿಕಾದ ಪೂರ್ವ ಕರಾವಳಿಯಿಂದ. ಮಿಸಿಸಿಪಿಯವರ ಪೂರ್ವಿಕರು ಹೆಚ್ಚಿನವರು ಪಶ್ಚಿಮದಿಂದ, ಅಟ್ಲಾಂಟಿಕ್ ದಾಟಿ ಬಂದವರು. ಮೈಬಣ್ಣ ನೋಡಿ ಇಬ್ಬರನ್ನೂ ಒಂದೇ ಮೂಟೆಗೆ ತುಂಬಿದರೆ ಇಬ್ಬರಿಗೂ ಅನ್ಯಾಯ. ಡಮಾಮ್ ಬೇಕೇ ಬೇಕೆಂದರೆ ನುಡಿಸುವವರನ್ನೇ ಕರೆಸು. ಅದನ್ನು ಯಾವ ಸಂದರ್ಭಕ್ಕೆ ನುಡಿಸುತ್ತಾರೆ, ಯಾವುದಕ್ಕೆ ನುಡಿಸುವುದಿಲ್ಲ ಎಂದು ಅವರನ್ನೇ ಕೇಳು. ಬಸ್ ಖರ್ಚು, ಊಟ, ರೆಕಾರ್ಡಿಂಗ್ ದಿನದ ಸಂಭಾವನೆ ಕೊಡು. ಹಾಡಿನ ಗಳಿಕೆಯಲ್ಲಿ ಎಷ್ಟು ಪಾಲು ಎಂಬುದನ್ನು ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದು, ಮೈಕ್ ಹಚ್ಚುವ ಮುಂಚೆ ಸಹಿ ಮಾಡಿಸು. ಒಂದು ಪ್ರತಿ ಅವರ ಕೈಯಲ್ಲಿರಲಿ. ಬೇಡ ಎಂದರೆ ಬಿಟ್ಟುಬಿಡು.

ಹಾಡಿನ ಕರಡು ಆದ ಕೂಡಲೇ ಕಳಿಸು. ಡ್ರಮ್ಸ್, ಬೇಸ್ ಇಲ್ಲದೆ ಬರೀ ಗಿಟಾರ್ ಇರುವ ಒಂದು ಟೇಕೂ ಜೊತೆಗಿರಲಿ, ಗಾಂಧಾರ ಎಲ್ಲಿ ನಿಂತಿದೆ ಎಂದು ಕೇಳಬೇಕು.

ಇಂತಿ ನಿನ್ನ
ದೊಡ್ಡಪ್ಪ